ಪದಕದ ಜೊತೆಗೊಂದು ಹಗ್ಗ

ಬಾಗಲಕೋಟೆ ಜಿಲ್ಲೆಯ ನೇತ್ರಾವತಿ ಚವ್ಹಾಣ್‌ಗೆ ಆಗ 14 ವರ್ಷ. 2017ರ ಮೇ ತಿಂಗಳಲ್ಲಿ ಒಂದು ದಿನ ಕಲ್ಲು ಕ್ವಾರಿಯ ಹೊಂಡದ ಬಳಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲು ತೆಗೆದು ಹಾಗೇ ಬಿಟ್ಟ ಗುಂಡಿ. ನೀರು ನಿಂತು ಸುಮಾರು 30 ಅಡಿ ಆಳವಾಗಿತ್ತು. ಇಬ್ಬರು ಹುಡುಗರು ಮುಳುಗುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಹಾರಿದಳು. ಒಬ್ಬನನ್ನು ದಡಕ್ಕೆ ತಂದು ಹಾಕಿದಳು. ಇನ್ನೊಬ್ಬ ಚಿಕ್ಕವನು, ಅವನಿಗಾಗಿ ಮತ್ತೆ ನೀರಿಗಿಳಿದಳು. ಗಾಬರಿಬಿದ್ದ ಹುಡುಗ ಅವಳ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡ. ಇಬ್ಬರೂ ಮೇಲೆ ಬರಲಿಲ್ಲ. ಮರುವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಶೌರ್ಯ ಪ್ರಶಸ್ತಿಗಳನ್ನು ಕೊಟ್ಟಾಗ, ಆ ಸಾಲಿನ ಗೀತಾ ಚೋಪ್ರಾ ಪ್ರಶಸ್ತಿ ಮರಣೋತ್ತರವಾಗಿ ಅವಳ ಹೆಸರಿಗೆ ಬಂತು.

ಧೈರ್ಯಕ್ಕೆ ಆ ಹುಡುಗಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಹೊಂಡದ ದಡದಲ್ಲಿ. ಒಂದು ಉದ್ದನೆಯ ಹಗ್ಗ, ಗಾಳಿ ತುಂಬಿದ ಒಂದು ಹಳೇ ಲಾರಿ ಟ್ಯೂಬು, ಒಂದು ಬಿದಿರು ಗಳ, ಇಷ್ಟರಲ್ಲಿ ಯಾವುದೊಂದಿದ್ದರೂ ಅವಳು ಎರಡನೇ ಸಲ ಬರಿಗೈಯಲ್ಲಿ ಇಳಿಯಬೇಕಿರಲಿಲ್ಲ. ನೀರಿಗೆ ಬಿದ್ದವರನ್ನು ಎತ್ತಿದವರಿಗೆ ಪದಕ ಕೊಡುವ ಪದ್ಧತಿ ನಮಗೆ ಬಂದದ್ದು ಬಹಳ ದೂರದಿಂದ. ಅದನ್ನು ಬೆಳೆಸಿದವರು ಪದಕದ ಜೊತೆಗೆ ಬೇರೆ ಕೆಲವು ವಸ್ತುಗಳನ್ನೂ ಕೊಟ್ಟಿದ್ದರು. ನಾವು ಪದಕವನ್ನು ಇಟ್ಟುಕೊಂಡೆವು, ಉಳಿದದ್ದನ್ನು ಬಹುಮಟ್ಟಿಗೆ ಕೈಬಿಟ್ಟೆವು.

ನಮ್ಮ ದೇಶದಲ್ಲಿ ಜೀವ ಉಳಿಸಿದವರಿಗೆಂದೇ ಇರುವುದು ಜೀವನ ರಕ್ಷಾ ಪದಕ. 1961ರಲ್ಲಿ ಶುರುವಾಯಿತು. ಸರ್ವೋತ್ತಮ, ಉತ್ತಮ, ಬರೀ ಜೀವನ ರಕ್ಷಾ ಪದಕ ಎಂದು ಮೂರು ದರ್ಜೆ. ಮುಳುಗುವವರನ್ನು, ಬೆಂಕಿಯಲ್ಲಿ ಸಿಕ್ಕವರನ್ನು, ಕರೆಂಟು ಹೊಡೆದವರನ್ನು, ಮಣ್ಣು ಕುಸಿದು ಸಿಕ್ಕಿಬಿದ್ದವರನ್ನು, ಕಾಡುಪ್ರಾಣಿಯ ಬಾಯಿಗೆ ಬಿದ್ದವರನ್ನು ಉಳಿಸಿದ ಯಾರಿಗೆ ಬೇಕಾದರೂ ಇದು ಸಲ್ಲುತ್ತದೆ. ಹೆಣ್ಣು ಗಂಡು, ಓದಿದವರು ಓದದವರು ಎಂಬ ಭೇದವಿಲ್ಲ. ಪದಕದ ಜೊತೆಗೆ ಕೇಂದ್ರ ಗೃಹ ಸಚಿವರ ಸಹಿಯ ಪ್ರಮಾಣಪತ್ರ, ದರ್ಜೆಗೆ ತಕ್ಕಂತೆ 2 ಲಕ್ಷ, ಒಂದೂವರೆ ಲಕ್ಷ, 1 ಲಕ್ಷ ರೂಪಾಯಿ. ಹೆಸರುಗಳು ಸಾಮಾನ್ಯವಾಗಿ ಗಣರಾಜ್ಯೋತ್ಸವದ ಹಿಂದಿನ ದಿನ ಹೊರಬೀಳುತ್ತವೆ. ಪತ್ರಿಕೆಗಳಲ್ಲಿ ಪದ್ಮ ಪ್ರಶಸ್ತಿಯ ಪಟ್ಟಿ ಪುಟಗಟ್ಟಲೆ ಬಂದಿರುತ್ತದೆ. ಈ ಪಟ್ಟಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿದಿರುತ್ತದೆ.

ಆ ಪದಕವನ್ನು ಹತ್ತಿರದಿಂದ ನೋಡಿದವರು ಕಡಿಮೆ. ದುಂಡಗಿನ ಬಿಲ್ಲೆ. ಒಂದು ಮುಖದಲ್ಲಿ ರಾಜಲಾಂಛನ. ಇನ್ನೊಂದು ಮುಖದ ನಡುವೆ ಅಭಯ ಮುದ್ರೆಯಲ್ಲಿ ಎತ್ತಿದ ಒಂದು ಅಂಗೈ, ಅದರ ಮೇಲ್ಗಡೆ ಹೆದರಬೇಡ ಎಂಬರ್ಥದ ಸಂಸ್ಕೃತದ ಎರಡು ಪದ. ಕತ್ತಿಯಿಲ್ಲ, ಕೋಟೆಯಿಲ್ಲ. ಸರ್ಕಾರ ಕೊಡುವ ಪದಕಗಳಲ್ಲೆಲ್ಲ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಮುಳುಗುವವನಿಗೆ ನೀರಿನ ಮೇಲೆ ಮೊದಲು ಕಾಣಬೇಕಾದ್ದು ಒಂದು ಕೈ ತಾನೇ?

ಈ ಪದಕದ ಹಿಂದಿನ ತಲೆಮಾರನ್ನು ಹುಡುಕಿಕೊಂಡು ಹೋದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿಗೆ ಹೋಗಿ ಮುಟ್ಟುತ್ತೇವೆ. ಸಮುದ್ರದಲ್ಲಿ ಜೀವ ಉಳಿಸಿದವರಿಗೆಂದು ಆಕೆ 1866ರ ಮಾರ್ಚ್‌ನಲ್ಲಿ ತೀರಿಕೊಂಡ ಗಂಡನ ಹೆಸರಿನಲ್ಲಿ ಆಲ್ಬರ್ಟ್ ಪದಕವನ್ನು ಸ್ಥಾಪಿಸಿದಳು. ಅದನ್ನು ಮೊಟ್ಟಮೊದಲು ಪಡೆದವನು ನಾವಿಕನೂ ಅಲ್ಲ, ನೌಕಾಪಡೆಯ ಅಧಿಕಾರಿಯೂ ಅಲ್ಲ. ಡೆವನ್ ಸೀಮೆಯ ಕಡಲ ಅಂಚಿನಲ್ಲಿ ಗೇಣಿಗೆ ಉಳುತ್ತಿದ್ದ ಸ್ಯಾಮ್ಯುಯೆಲ್ ಪಾಪಲ್‌ಸ್ಟೋನ್ ಎಂಬ ರೈತ. ಅದೇ ಮಾರ್ಚ್ 23ರಂದು ಬಿರುಗಾಳಿಗೆ ಸಿಕ್ಕ ಒಂದು ಹಡಗು ಅವನ ಹೊಲದ ಕೆಳಗಿನ ಬಂಡೆಗಳಿಗೆ ಬಡಿದು ಒಡೆಯಿತು. ಪಾಪಲ್‌ಸ್ಟೋನ್ ಸುದ್ದಿ ಮುಟ್ಟಿಸಲು ಆಳು ಕಳಿಸಿ, ತಾನು ಒಂದು ಸಿಂಬಿ ಹಗ್ಗ ಹೆಗಲಿಗೆ ಹಾಕಿಕೊಂಡು ಬಂಡೆ ಇಳಿದ. ಅಲೆ ಅವನನ್ನೇ ಒಮ್ಮೆ ಎಳೆದುಕೊಂಡು ಹೋಯಿತು. ಹೇಗೋ ಮತ್ತೆ ಬಂಡೆ ಹಿಡಿದು ನಿಂತು ಇಬ್ಬರನ್ನು ಎಳೆದುಕೊಂಡ. ಮನೆಯಿಂದ ಹೊರಡುವಾಗ ಹಗ್ಗ ತೆಗೆದುಕೊಂಡು ಹೋಗಬೇಕೆಂದು ಹೊಳೆಯಿತಲ್ಲ, ಅವನ ಕಥೆಯಲ್ಲಿ ನನ್ನ ಗಮನ ನಿಲ್ಲುವುದು ಅಲ್ಲಿ.

ಅದಕ್ಕೂ ನಾಲ್ಕು ದಶಕ ಮೊದಲೇ ಅಲ್ಲಿ ಜೀವರಕ್ಷಕ ದೋಣಿಗಳ ಸಂಸ್ಥೆಯೊಂದು ಹುಟ್ಟಿತ್ತು. ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ ಎಂಬಾತ ಮನೆಯ ಮುಂದಿನ ಕೊಲ್ಲಿಯಲ್ಲಿ ಹಡಗುಗಳು ಒಡೆದು ಜನ ಸಾಯುವುದನ್ನು ನೋಡಲಾರದೆ 1823ರಲ್ಲಿ ಒಂದು ಮನವಿ ಬರೆದ. ಮರುವರ್ಷ ಮಾರ್ಚ್ 4ರಂದು ಲಂಡನ್ನಿನಲ್ಲಿ ಸಭೆ ಸೇರಿ ಸಂಸ್ಥೆ ಕಟ್ಟಿದರು. ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಈಗಿನ ಹೆಸರು ಬಂದದ್ದು 1854ರಲ್ಲಿ. ಶುರುವಾದ ವರ್ಷದಿಂದಲೇ ಚಿನ್ನ, ಬೆಳ್ಳಿ ಪದಕ ಕೊಡುವುದನ್ನು ಇಟ್ಟುಕೊಂಡರು. ಪದಕದ ಒಂದು ಮುಖದಲ್ಲಿ ದೋಣಿಯೊಳಗಿನ ಮೂವರು ಬಾಗಿ ನಾಲ್ಕನೆಯವನನ್ನು ನೀರಿನಿಂದ ಮೇಲೆತ್ತುವ ಚಿತ್ರ. ಅಚ್ಚರಿಯೆಂದರೆ ಹಿಲರಿಗೆ ಈಜು ಬರುತ್ತಿರಲಿಲ್ಲ. ಹಾಗಿದ್ದೂ 1830ರ ನವೆಂಬರಿನಲ್ಲಿ, 60ರ ಆಸುಪಾಸಿನ ವಯಸ್ಸಿನಲ್ಲಿ, ಸೇಂಟ್ ಜಾರ್ಜ್ ಎಂಬ ಹಡಗಿನವರನ್ನು ಉಳಿಸಲು ದೋಣಿಯಲ್ಲಿ ಹೋಗಿ, ಸಮುದ್ರಕ್ಕೆ ಬಿದ್ದು, ಪಕ್ಕೆಲುಬು ಮುರಿದುಕೊಂಡು, 22 ಜನರನ್ನು ದಡ ಮುಟ್ಟಿಸಿದ ತಂಡದಲ್ಲಿದ್ದ.

ವಿಕ್ಟೋರಿಯಾ ಪಟ್ಟಕ್ಕೆ ಬಂದ ಮರುವರ್ಷ, 1838ರ ಸೆಪ್ಟೆಂಬರ್ 7ರಂದು, ಲಾಂಗ್‌ಸ್ಟೋನ್ ದೀಪಸ್ತಂಭ ಕಾಯುತ್ತಿದ್ದವನ 22 ವರ್ಷದ ಮಗಳು ಗ್ರೇಸ್ ಡಾರ್ಲಿಂಗ್ ಅಪ್ಪನ ಜೊತೆ ಹುಟ್ಟು ಹಾಕಿಕೊಂಡು ಹೋಗಿ ಬಂಡೆಯ ಮೇಲೆ ಸಿಕ್ಕಿಕೊಂಡಿದ್ದ 9 ಜನರನ್ನು ಎರಡು ಸರದಿಯಲ್ಲಿ ಕರೆತರಲು ನೆರವಾದಳು. ಅಪ್ಪ ಮಗಳಿಬ್ಬರಿಗೂ ಬೆಳ್ಳಿ ಪದಕ ಬಂತು. ದೇಶವೆಲ್ಲ ಅವಳ ಚಿತ್ರ ಮಾರಿದರು. ನಾಲ್ಕೇ ವರ್ಷದಲ್ಲಿ ಕ್ಷಯಕ್ಕೆ ತುತ್ತಾಗಿ ತೀರಿಕೊಂಡಳು. ಇವಳ ಕಥೆ ಎಲ್ಲರಿಗೂ ಗೊತ್ತು. ಆದರೆ ನಮ್ಮವರು ತಿಳಿಯಬೇಕಾದ ಕಥೆ ಬೇರೆ ಇದೆ. ಅದು ವಿಟ್‌ಬಿ ಎಂಬ ಬಂದರಿನದು.

1861ರ ಫೆಬ್ರವರಿ 9. ಇಂಗ್ಲೆಂಡಿನ ಪೂರ್ವ ಕರಾವಳಿಯ ಉದ್ದಕ್ಕೂ ಬಿರುಗಾಳಿ. ಇನ್ನೂರಕ್ಕೂ ಹೆಚ್ಚು ಹಡಗುಗಳು ಒಡೆದ ದಿನ. ವಿಟ್‌ಬಿಯ ದೋಣಿ ತಂಡದವರು ಅವತ್ತು ಒಂದಾದ ಮೇಲೊಂದರಂತೆ ಐದು ಸಲ ಸಮುದ್ರಕ್ಕಿಳಿದು ಐದು ಹಡಗುಗಳವರನ್ನು ತಂದು ದಡಕ್ಕೆ ಬಿಟ್ಟರು. ತೋಳು ಸೋತಿತ್ತು, ಮೈ ಮರಗಟ್ಟಿತ್ತು. ಆರನೇ ಹಡಗು ಕಂಡಿತು, ಮತ್ತೆ ಇಳಿದರು. ಎರಡು ಅಲೆ ಎದುರುಬದುರಾಗಿ ಬಡಿದು ದೋಣಿ ಮಗುಚಿತು. ಊರಿನ ಜನ ಕಟ್ಟೆಯ ಮೇಲೆ ನಿಂತಿದ್ದರು. ದೋಣಿಯವರ ಹೆಂಡತಿ ಮಕ್ಕಳೂ ಅಲ್ಲಿದ್ದರು. ದಡ ಕಣ್ಣಳತೆಯಲ್ಲೇ ಇತ್ತು. 13 ಜನರಲ್ಲಿ 12 ಜನ ಹೋದರು.

ಉಳಿದವನು ಹೆನ್ರಿ ಫ್ರೀಮನ್. ಮೊದಲು ಇಟ್ಟಿಗೆ ಕೆಲಸ ಮಾಡುತ್ತಿದ್ದು ಆಮೇಲೆ ಮೀನು ಹಿಡಿಯಲು ಬಂದವನು. ಉಳಿದವರಿಗಿಂತ ಅವನ ತೋಳಿನಲ್ಲಿ ಹೆಚ್ಚು ಬಲವಿತ್ತೆಂದಲ್ಲ. ಸಂಸ್ಥೆ ಹೊಸದಾಗಿ ಕಳಿಸಿದ್ದ ಬೆಂಡಿನ ಕವಚವನ್ನು ಅಂದು ತೊಟ್ಟಿದ್ದವನು ಅವನೊಬ್ಬನೇ. ಸಂಸ್ಥೆಯ ತಪಾಸಣಾಧಿಕಾರಿ ಕ್ಯಾಪ್ಟನ್ ವಾರ್ಡ್ 1854ರಲ್ಲಿ ರೂಪಿಸಿದ ಕವಚ ಅದು: ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಕಾರ್ಕ್ ಮರದ ತೊಗಟೆಯ ಕಿರುಪಟ್ಟಿಗಳನ್ನು ಒತ್ತೊತ್ತಾಗಿ ಹೊಲಿದದ್ದು. ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಸಂದು, ಹುಟ್ಟು ಹಾಕುವವನು ಬಾಗಿ ಎದ್ದು ಮಾಡಲು ಅಡ್ಡಿಯಾಗದಂತೆ. ಫ್ರಾಂಕ್ ಸಟ್‌ಕ್ಲಿಫ್ ಎಂಬ ಛಾಯಾಗ್ರಾಹಕ ಮುಂದೆ ತೆಗೆದ ಫ್ರೀಮನ್‌ನ ಚಿತ್ರ ಒಂದಿದೆ. ಗಡ್ಡದ ಗಟ್ಟಿಮುಟ್ಟಾದ ಆಳು, ಎದೆಯ ಸುತ್ತ ಆ ಕವಚ. ನಮ್ಮ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಬಾವಿಯಲ್ಲಿ ಈಜು ಕಲಿಯುವ ಮಗುವಿನ ಸೊಂಟಕ್ಕೆ ಬೆಂಡು ಕಟ್ಟಿ ಇಳಿಸುತ್ತಿದ್ದೆವಲ್ಲ, ಅದನ್ನೇ ಅಂಗಿಯಂತೆ ಹೊಲಿದರೆ ಹೇಗಿರುತ್ತದೋ ಹಾಗಿದೆ.

ಫ್ರೀಮನ್‌ಗೆ ಬೆಳ್ಳಿ ಪದಕ ಕೊಟ್ಟರು. ಮುಂದೆ ಅದೇ ಊರಿನ ದೋಣಿಯ ಮುಖ್ಯಸ್ಥನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ಇನ್ನೊಂದು ಬೆಳ್ಳಿ ಪದಕವನ್ನೂ ಪಡೆದ. ಮುನ್ನೂರಕ್ಕೂ ಹೆಚ್ಚು ಜೀವ ಉಳಿಸುವುದರಲ್ಲಿ ಅವನ ಕೈಯಿತ್ತು. ಆ ದಿನ ಕವಚ ತೊಡದೆ ಹೋಗಿದ್ದರೆ ಸತ್ತ ವೀರರ ಪಟ್ಟಿಯಲ್ಲಿ ಹದಿಮೂರನೆಯ ಹೆಸರಾಗಿ ನಿಲ್ಲುತ್ತಿದ್ದ. ಮುಂದಿನ ಮುನ್ನೂರು ಜನರ ಗತಿ ಏನಾಗುತ್ತಿತ್ತೋ. ಅವನ ನಂತರ ಎಲ್ಲ ದೋಣಿಗಳಲ್ಲೂ ಆ ಕವಚ ತೊಡುವುದು ರೂಢಿಯಾಯಿತು. ನೇತ್ರಾವತಿಯನ್ನು ನೆನೆದಾಗೆಲ್ಲ ನನಗೆ ಫ್ರೀಮನ್ ಜೊತೆಗೇ ನೆನಪಾಗುತ್ತಾನೆ. ಇಬ್ಬರೂ ಮತ್ತೆ ಮತ್ತೆ ನೀರಿಗಿಳಿದವರು. ಒಬ್ಬನಿಗೆ ಪದಕಕ್ಕೂ ಮೊದಲು ಕವಚ ಸಿಕ್ಕಿತ್ತು.

ಇನ್ನೂ ದೊಡ್ಡ ದುರಂತ 1886ರ ಡಿಸೆಂಬರ್ 9ರ ರಾತ್ರಿ ನಡೆಯಿತು. ಮೆಕ್ಸಿಕೊ ಎಂಬ ಜರ್ಮನ್ ಹಡಗಿನ 12 ಜನರಿಗಾಗಿ ಮೂರು ಊರುಗಳಿಂದ ಮೂರು ದೋಣಿ ಹೊರಟವು. ಲಿಥಮ್ ಊರಿನ ದೋಣಿ 12 ಜನರನ್ನೂ ಉಳಿಸಿ ತಂದಿತು. ಸೇಂಟ್ ಆನ್ಸ್ ದೋಣಿಯಲ್ಲಿದ್ದ 13 ಜನರೂ, ಸೌತ್‌ಪೋರ್ಟ್ ದೋಣಿಯ 16ರಲ್ಲಿ 14 ಜನರೂ ಸತ್ತರು. ಒಟ್ಟು 27. ಹಿಂದೆ ಉಳಿದವರು 16 ವಿಧವೆಯರು, 50 ಮಕ್ಕಳು. ದೇಶವೆಲ್ಲ ಆ ಕುಟುಂಬಗಳಿಗಾಗಿ ಹಣ ಸೇರಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿ ಗಿರಣಿಯ ಮಾಲೀಕ ಚಾರ್ಲ್ಸ್ ಮಕಾರಾ 1891ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಜೀವರಕ್ಷಕ ದೋಣಿಗಳ ಮೆರವಣಿಗೆ ಮಾಡಿಸಿ, ಡಬ್ಬಿ ಹಿಡಿದು ಜನರಿಂದ ದುಡ್ಡೆತ್ತಿದ. ಮ್ಯಾಂಚೆಸ್ಟರ್ ಸಮುದ್ರದ ದಂಡೆಯ ಊರಲ್ಲ. ಡಬ್ಬಿಗೆ ಕಾಸು ಹಾಕಿದವರಲ್ಲಿ ಬಹಳ ಮಂದಿ ಗಿರಣಿ ಕೂಲಿಗಳು. ಆ ಸಂಸ್ಥೆಯ ದೋಣಿಗಳು ಇಂದಿಗೂ ಜನ ಕೊಟ್ಟ ದುಡ್ಡಿನಿಂದ, ಬಹುಪಾಲು ಸ್ವಯಂಸೇವಕರ ತೋಳಿನಿಂದ ನಡೆಯುತ್ತಿವೆ.

ಈ ಕಡಲ ಕಥೆಯೆಲ್ಲ ಮದಲೂರಿನ ಕೆರೆ ಏರಿಯ ಮೇಲೆ ನಿಂತವರಿಗೆ ಯಾಕೆ ಎಂದು ಕೇಳಬಹುದು. ಶಿರಾ ತಾಲ್ಲೂಕಿನ ಈ ಕೆರೆಯ ಹೆಸರು 2020ರ ನವೆಂಬರಿನಲ್ಲಿ ರಾಜ್ಯಕ್ಕೆಲ್ಲ ಕೇಳಿಸಿತು. ಉಪಚುನಾವಣೆಯಲ್ಲಿ ಕೆರೆ ತುಂಬಿಸುವ ಮಾತೇ ಮುಂದಿತ್ತು. ಕಳ್ಳಂಬೆಳ್ಳ ಕೆರೆ, ಶಿರಾ ದೊಡ್ಡಕೆರೆ ದಾಟಿ ಹೇಮಾವತಿ ನೀರು ಮದಲೂರಿಗೆ ಹರಿದಾಗ ಜನ ಬಂದು ನಿಂತು ಕಣ್ತುಂಬ ನೋಡಿದರು. ಆಮೇಲಿನ ಮಳೆಗಾಲಗಳಲ್ಲಿ ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಇದು ಹರ್ಷದ ಸಂಗತಿ, ಎರಡು ಮಾತಿಲ್ಲ. ಆದರೆ ನೀರಿಲ್ಲದ ಆ ದೀರ್ಘ ಕಾಲದಲ್ಲಿ ನಮ್ಮ ಕಡೆ ಇನ್ನೊಂದು ಕಳೆದುಹೋಗಿತ್ತು. ಬೋರ್‌ವೆಲ್ ಆಳಕ್ಕೆ ಹೋದಂತೆ ತೆರೆದ ಬಾವಿಗಳು ಬತ್ತಿದವು. ಕಪಿಲೆ ಬಾವಿಯಲ್ಲಿ ಅಣ್ಣನೋ ಚಿಕ್ಕಪ್ಪನೋ ಸೊಂಟಕ್ಕೆ ಬೆಂಡು ಅಥವಾ ಒಣಗಿದ ಸೋರೆ ಬುರುಡೆ ಕಟ್ಟಿ, ಹಗ್ಗದ ತುದಿ ತಾನು ಹಿಡಿದು ಈಜು ಕಲಿಸುವ ರೂಢಿ ಅವುಗಳ ಜೊತೆಗೇ ಹೋಯಿತು. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆಯ ಈಗಿನ ಹುಡುಗರಲ್ಲಿ ಬಹಳಷ್ಟು ಮಂದಿ ನೀರು ಕಾಣದೆ ಬೆಳೆದವರು. ಈಗ ಕೆರೆ ತುಂಬಿದೆ. ಅವರಿಗೆ ಈಜು ಬರದು. ಒಣಗಿದ್ದಾಗ ಜೆಸಿಬಿ ಇಳಿಸಿ ಕೆರೆ ಗೋಡು ಹೊಡೆದ ಕಡೆಗಳಲ್ಲಿ ಗುಂಡಿಗಳು ನೀರಿನಡಿ ಅಡಗಿಕೊಂಡಿರುತ್ತವೆ. ಮೊಣಕಾಲುದ್ದ ಎಂದುಕೊಂಡು ಇಟ್ಟ ಹೆಜ್ಜೆ ಎರಡಾಳು ಆಳಕ್ಕೆ ಬೀಳುತ್ತದೆ.

ಕೆರೆಗಿಂತ ನನಗೆ ಹೆಚ್ಚು ಭಯ ಕೃಷಿ ಹೊಂಡದ್ದು. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಒಣಭೂಮಿ ರೈತನಿಗೆ ನಿಜಕ್ಕೂ ಉಪಕಾರ ಮಾಡಿದೆ. ತೊಗರಿ, ಶೇಂಗಾ ಒಣಗುವ ಹೊತ್ತಿಗೆ ಒಂದು ನೀರು ಕೊಡಲು ಆಯಿತು. ಆದರೆ ಹೊಂಡದ ಅಂಚಿಗೆ ಹೋಗಿ ಕೂತು ನೋಡಿ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಮೇಲಿನಿಂದ ಕೆಳತನಕ ಹಾಸಿದ ಪ್ಲಾಸ್ಟಿಕ್ ಹಾಳೆ. ನೀರು ಮುಟ್ಟುವ ಮಟ್ಟದಲ್ಲಿ ತೆಳ್ಳಗೆ ಪಾಚಿ. ಅಂಗೈ ಊರಿದರೆ ಹಾಗೇ ಕೆಳಗೆ ಜಾರುತ್ತದೆ. ಕಾಲಿಗೆ ಆನಿಕೆಯಿಲ್ಲ, ಕೈಗೆ ಹಿಡಿಯಲು ಒಂದು ಗರಿಕೆಯೂ ಇಲ್ಲ. ಒಳಗೆ ಬಿದ್ದವನಿಗೆ ಈಜು ಬಂದರೂ ದಡದಿಂದ ಒಂದು ಮಾರು ದೂರದಲ್ಲಿ ಹತ್ತಲಾಗದೆ ಸೋಲುತ್ತಾನೆ. ಅವನನ್ನು ಎಳೆಯಲು ಬಗ್ಗಿದವಳೂ ಅದೇ ಹಾಳೆಯ ಮೇಲೆ ಜಾರುತ್ತಾಳೆ. ಮಗು ಬಿತ್ತೆಂದು ತಾಯಿ, ತಾಯಿ ಬಿದ್ದಳೆಂದು ಅಕ್ಕ, ಹೀಗೆ ಒಂದೇ ಮನೆಯ ಮೂರು ನಾಲ್ಕು ಜನ ಒಂದೇ ಹೊಂಡದಲ್ಲಿ ಹೋದ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಆ ತಾಯಂದಿರಲ್ಲಿ ಒಬ್ಬರಿಗೂ ಧೈರ್ಯ ಕಡಿಮೆ ಇರಲಿಲ್ಲ.

ಯೋಜನೆಯಲ್ಲಿ ಈಗ ತಂತಿ ಬೇಲಿಗೂ ಸಹಾಯಧನ ಸೇರಿಸಿದ್ದಾರೆ, ಒಳ್ಳೆಯದಾಯಿತು. ಬೇಲಿಯ ಜೊತೆಗೆ ಇನ್ನೊಂದು ಬೇಕು. ದಡದಲ್ಲಿ ಗಟ್ಟಿಯಾಗಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ನೈಲಾನ್ ಹಗ್ಗವನ್ನು ನಾಲ್ಕೂ ಬದಿಯಿಂದ ನೀರೊಳಗೆ ಇಳಿಬಿಡಬೇಕು. ಒಂದು ಟ್ಯೂಬನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ತುದಿಗೆ ಕಟ್ಟಿ ತೇಲಿಬಿಡಬೇಕು. ಕೊಟ್ಟಿಗೆಯಲ್ಲಿರುವ ಸಾಮಾನಿನಲ್ಲೇ ಆಗುವ ಕೆಲಸ.

ಜಗತ್ತಿನೆಲ್ಲೆಡೆ ನೀರಿನ ರಕ್ಷಣೆ ಕಲಿಸುವವರು ಹೇಳಿಕೊಡುವ ಕ್ರಮ ಒಂದೇ: ಮೊದಲು ದಡದಲ್ಲಿ ಮಲಗಿ ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ತೆಪ್ಪ ಹಾಕಿಕೊಂಡು ಹೋಗು. ನೀರಿಗೆ ಹಾರುವುದು ಕಟ್ಟಕಡೆಯದು, ಅದೂ ಕಲಿತವರಿಗೆ ಮಾತ್ರ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಗಿದು ಹಿಡಿದು ಅದರ ಮೇಲೆ ಏರಲು ನೋಡುತ್ತಾನೆ. ಅದು ಅವನ ತಪ್ಪಲ್ಲ, ಉಸಿರಿಗಾಗಿ ಮೈ ತಾನೇ ಮಾಡುವ ಕೆಲಸ. ಕೈಗೆ ಹಗ್ಗ ಸಿಕ್ಕಿದರೆ ಹಗ್ಗವನ್ನೇ ಹಿಡಿಯುತ್ತಾನೆ. ಕುತ್ತಿಗೆ ಸಿಕ್ಕಿದರೆ ಕುತ್ತಿಗೆಯನ್ನು.

ಇಲ್ಲಿ ಪದಕದ ನಿಯಮದ ಬಗ್ಗೆ ನನಗೊಂದು ತಕರಾರಿದೆ. ಜೀವನ ರಕ್ಷಾ ಪದಕದ ಮೂರು ದರ್ಜೆಗಳನ್ನು ಅಳೆಯುವುದು ರಕ್ಷಿಸಿದವನ ಜೀವಕ್ಕೆ ಎಷ್ಟು ಅಪಾಯವಿತ್ತು ಎಂಬುದರ ಮೇಲೆ. ಅಪಾಯ ಹೆಚ್ಚಿದ್ದಷ್ಟೂ ದರ್ಜೆ ಮೇಲೆ. ಇಂಗ್ಲೆಂಡಿನ ಚಿನ್ನ, ಬೆಳ್ಳಿ ಪದಕಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ ಆಗಿತ್ತು. ಆದರೆ ಅಲ್ಲಿ ಆ ಅಪಾಯವನ್ನು ತಗ್ಗಿಸಲು ದೋಣಿ, ಕವಚ, ತರಬೇತಿ ಎಲ್ಲವೂ ಹಿಂದಿನಿಂದ ನಿಂತಿದ್ದವು. ಇಲ್ಲಿ ಪದಕ ಒಂದೇ ಇದ್ದಾಗ, ಬರಿಗೈಯಲ್ಲಿ ಹಾರಿದವರ ಕಥೆಯಷ್ಟೇ ಶಾಲೆಗಳಲ್ಲಿ ಮಕ್ಕಳ ಕಿವಿಗೆ ಬೀಳುತ್ತದೆ. ದಡದಲ್ಲೇ ನಿಂತು ಬುದ್ಧಿಯಿಂದ ಎಳೆದುಕೊಂಡವರ ಕಥೆ ಯಾವ ಕಡತಕ್ಕೂ ಏರುವುದಿಲ್ಲ.

ಅದಕ್ಕೇ ನಮ್ಮ ನೆರೆಯ ತಮಿಳುನಾಡಿನಲ್ಲಿ ನಡೆದ ಒಂದು ಘಟನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2020ರ ಆಗಸ್ಟ್, ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆ. ಬಟ್ಟೆ ಒಗೆಯಲು ಬಂದಿದ್ದ ಮೂವರು ಹೆಂಗಸರು, ಸೆಂತಮಿಳ್ ಸೆಲ್ವಿ, ಸುಂದರಬಾಳ್, ಆನಂದವಲ್ಲಿ, ನಾಲ್ವರು ಹುಡುಗರು ಮುಳುಗುವುದನ್ನು ಕಂಡರು. ಮೈಮೇಲಿದ್ದ ಸೀರೆ ಬಿಚ್ಚಿ ನೀರಿಗೆ ಎಸೆದರು. ಇಬ್ಬರು ಹುಡುಗರು ಸೀರೆ ಹಿಡಿದು ಬದುಕಿದರು, ಇನ್ನಿಬ್ಬರನ್ನು ಉಳಿಸಲಾಗಲಿಲ್ಲ. ಮೂವರು ಹೆಂಗಸರೂ ಬದುಕಿ ಮನೆಗೆ ಹೋದರು. ತಮಿಳುನಾಡು ಸರ್ಕಾರ ಅದೇ ಸ್ವಾತಂತ್ರ್ಯ ದಿನಾಚರಣೆಯಂದು ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ನಾಲ್ಕು ಜನರೆದುರು ಉಟ್ಟ ಸೀರೆ ಬಿಚ್ಚುವುದು ನಮ್ಮ ಹಳ್ಳಿಯ ಹೆಣ್ಣಿಗೆ ಎಂಥ ಸಂಕಟದ ಮಾತು ಎಂದು ಯಾರಿಗೂ ಹೇಳಬೇಕಿಲ್ಲ. ಅದನ್ನು ಆ ಕ್ಷಣಕ್ಕೆ ಪಕ್ಕಕ್ಕಿಟ್ಟು, ಐದೂವರೆ ಗಜದ ಬಟ್ಟೆಯಲ್ಲಿ ಹಗ್ಗ ಕಂಡವರು ಅವರು. ನೇತ್ರಾವತಿಯ ಕಥೆ ಹೇಳುವ ಪ್ರತಿ ತರಗತಿಯಲ್ಲೂ ಈ ಮೂವರ ಕಥೆಯನ್ನು ಅದರ ಬೆನ್ನಿಗೇ ಹೇಳಬೇಕು.

ಕರ್ನಾಟಕದಲ್ಲಿ ಮಕ್ಕಳಿಗೆ ಹೊಯ್ಸಳ ಮತ್ತು ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿಗಳಿವೆ. ಹುಡುಗರಿಗೆ ಮೊದಲನೆಯದು, ಹುಡುಗಿಯರಿಗೆ ಎರಡನೆಯದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಕೊಡುತ್ತದೆ. ಮಕ್ಕಳನ್ನು ಗುರುತಿಸುವುದು ಬೇಡ ಎನ್ನಲಾರೆ. ಆದರೂ 2019ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ವೆಂಕಟೇಶನ ವಿಡಿಯೊ ನೋಡುವಾಗ ಹೆಮ್ಮೆಯ ಜೊತೆಗೆ ಎದೆ ನಡುಗುತ್ತದೆ. ಕೃಷ್ಣೆಯ ಪ್ರವಾಹದಲ್ಲಿ ಸೇತುವೆ ಕಾಣದಂತಾಗಿತ್ತು. ಆಂಬ್ಯುಲೆನ್ಸ್ ಚಾಲಕನಿಗೆ ದಾರಿ ತೋರಿಸಲು ಆರನೇ ತರಗತಿಯ ಆ ಹುಡುಗ ಸೊಂಟ ಮುಟ್ಟುವ ನೀರಿನಲ್ಲಿ ಎಡವುತ್ತ ಏಳುತ್ತ ಮುಂದೆ ಓಡಿದ. ಅದೇ ಆಗಸ್ಟ್ 15ರಂದು ಜಿಲ್ಲಾಡಳಿತ ಅವನನ್ನು ಗೌರವಿಸಿತು, ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಹುಡುಗನಿಗೆ ಸಲ್ಲಬೇಕಾದ್ದು ಸಂದಿತು. ಮುಳುಗಿದ ಸೇತುವೆಯ ಎರಡೂ ತುದಿಗೆ ಹಗ್ಗ ಕಟ್ಟಿ ತಡೆಯಬೇಕಾಗಿದ್ದ ದೊಡ್ಡವರ ಕೆಲಸವನ್ನು 12ರ ಆಸುಪಾಸಿನ ಮಗು ಮಾಡಬೇಕಾಯಿತಲ್ಲ ಎಂಬುದೂ ಆ ಪ್ರಶಸ್ತಿ ಪತ್ರದಲ್ಲಿ ಸೇರಬೇಕಿತ್ತು.

ಬಯಲುಸೀಮೆಯ ಮಕ್ಕಳು ಸಮುದ್ರ ನೋಡಲು ಪ್ರವಾಸ ಹೋಗುತ್ತಾರೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ಹೋದರು. ಅಲೆಗೆ ಸಿಕ್ಕಿದ್ದ ಇನ್ನು ಕೆಲವರು ಬದುಕಿ ಬಂದರು. ಅದೇ ಕರಾವಳಿಯಲ್ಲಿ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ, ಕೋರಮಂಡಲ್ ಸಪೋರ್ಟರ್ ಎಂಬ ಟಗ್ಗು ಬಂಡೆಗೆ ಸಿಕ್ಕಿಕೊಂಡಾಗ ಕರಾವಳಿ ಕಾವಲು ಪಡೆಯ ವರಾಹ ಹಡಗಿನವರೂ ನೌಕಾಪಡೆಯ ಹೆಲಿಕಾಪ್ಟರಿನವರೂ ಸೇರಿ 9 ಜನರನ್ನೂ ಜೀವಸಹಿತ ತಂದಿದ್ದರು. ರಾಫ್ಟು, ಹಗ್ಗ, ಕವಚ, ವರ್ಷಗಟ್ಟಲೆಯ ಅಭ್ಯಾಸ, ಎಲ್ಲವೂ ಅವರ ಹತ್ತಿರ ಇತ್ತು. ಕೆರೆ, ಹೊಂಡ, ಕ್ವಾರಿಯ ಬಳಿ ಅಂಥವರು ಬರುವ ಹೊತ್ತಿಗೆ ಉಳಿದಿರುವುದು ಶವ ಹುಡುಕುವ ಕೆಲಸ. ಉಸಿರು ಕಟ್ಟಲು ಬೇಕಾದದ್ದು ನಿಮಿಷಗಳು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ವಾಹನ ಬರಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ. ಇಲ್ಲಿ ಜೀವ ಉಳಿಸುವವರು ಯಾವಾಗಲೂ ಅಕ್ಕಪಕ್ಕದಲ್ಲಿದ್ದವರೇ: ದನ ಮೇಯಿಸುವವರು, ಬಟ್ಟೆ ಒಗೆಯುವವರು, ಕೆರೆಯಲ್ಲಿ ಮೀನಿಗೆ ಬಲೆ ಹಾಕಲು ತೆಪ್ಪ ಇಟ್ಟುಕೊಂಡವರು.

ಬೇರೆಯವರಿಗಾಗಿ ಜೀವ ಕೊಟ್ಟವರನ್ನು ಗೌರವಿಸುವುದನ್ನು ನಮಗೆ ಇಂಗ್ಲೆಂಡಿನವರು ಕಲಿಸಬೇಕಾಗಿರಲಿಲ್ಲ. ಮಧುಗಿರಿ, ಪಾವಗಡದ ಕಡೆ ಹೊಲದ ಬದುವಿನಲ್ಲಿ, ಊರ ಮುಂದಿನ ಗುಡಿಯ ಮಗ್ಗುಲಲ್ಲಿ ಇಂದಿಗೂ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರೇ ಅವರಲ್ಲಿ ಎಷ್ಟೋ ಜನ. ಆ ಕಾಲದವರು ಕಲ್ಲು ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಕಲ್ನಾಡು, ನೆತ್ತರುಕೊಡಗೆ ಎಂದು ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ, ನಾಗತ್ತರ ಎಂಬ ವೀರ ಬಿದ್ದ ಮೇಲೆ ಇರುಗ ಎಂಬಾತನಿಗೆ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕೊಟ್ಟ ಸಂಗತಿಯನ್ನೂ ಕಡೆದಿಟ್ಟಿದ್ದಾರೆ. ಕಲ್ಲಿನ ಜೊತೆಗೆ ಭೂಮಿ, ಪದಕದ ಜೊತೆಗೆ ದೋಣಿ: ಎರಡು ಬೇರೆ ಬೇರೆ ಲೋಕದ ಜನ ಒಂದೇ ರೀತಿ ಯೋಚಿಸಿದ್ದರು.

ಜೀವನ ರಕ್ಷಾ ಪದಕಕ್ಕೆ ಶಿಫಾರಸು ಹೋಗುವುದು ರಾಜ್ಯ ಸರ್ಕಾರದ ಮೂಲಕ, ರಾಜ್ಯಕ್ಕೆ ಹೋಗುವುದು ಜಿಲ್ಲೆಯಿಂದ. ಯಾರಾದರೂ ಬರೆದು ಕಳಿಸಿದರೆ ಮಾತ್ರ ಅದು ಅಲ್ಲಿಗೆ ಮುಟ್ಟುತ್ತದೆ. ಸತ್ತ ಪ್ರಕರಣಕ್ಕೆ ಪೊಲೀಸ್ ದಾಖಲೆ ಇರುತ್ತದೆ. ಬದುಕಿಸಿದ್ದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಒದ್ದೆ ಬಟ್ಟೆ ಹಿಂಡಿಕೊಂಡು ಎಲ್ಲರೂ ಮನೆಗೆ ಹೋಗಿಬಿಡುತ್ತಾರೆ. ಯಾವ ದಿನ, ಯಾವ ಕೆರೆ, ಯಾರು, ಯಾರನ್ನು, ಹೇಗೆ ಎತ್ತಿದರು, ಕಂಡವರು ಯಾರು ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಡುವ ಕೆಲಸ ಊರಿನ ಮೇಷ್ಟ್ರೋ ಗ್ರಾಮ ಪಂಚಾಯಿತಿ ಸದಸ್ಯರೋ ಮಾಡಬಹುದಾದದ್ದು. ಮದಲೂರು ಕಡೆಯ ಪಂಚಾಯಿತಿಗಳು ಮುಂದಿನ ಗ್ರಾಮಸಭೆಗೆ ಎರಡು ವಿಷಯ ಸೇರಿಸಿಕೊಳ್ಳಲಿ: ಕೆರೆಯ ಕೋಡಿ, ತೂಬು, ಬಟ್ಟೆ ಒಗೆಯುವ ಜಾಗಗಳಲ್ಲಿ ಕಂಬ ನೆಟ್ಟು ಹಗ್ಗ ಮತ್ತು ಟ್ಯೂಬು ಕಟ್ಟಿಡುವ ಖರ್ಚು, ಆಮೇಲೆ ಕಳೆದೆರಡು ವರ್ಷಗಳಲ್ಲಿ ಇಲ್ಲಿನ ನೀರಿನಿಂದ ಜೀವ ಎತ್ತಿದವರ ಹೆಸರಿನ ಪಟ್ಟಿ.